ಸ್ಕ್ಯಾನಿಂಗ್ ದರ ಯಾಕೆ ಬದಲಾಯಿತು: ನಮ್ಮ ಗ್ರಾಹಕರಿಗೆ ಒಂದು ಪತ್ರ

ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ಅಂಗಡಿಯಲ್ಲಿ ಎಲ್ಲ ಸ್ಕ್ಯಾನಿಂಗ್‌ಗೂ ಒಂದೇ ದರ ಇರುವುದಿಲ್ಲ. ಅಂಕಪಟ್ಟಿ, ಪಹಣಿ, ಆಧಾರ್ ಕಾರ್ಡ್ ಇಂಥವಕ್ಕೆಲ್ಲ ಹಳೇ ದರವೇ, ಒಂದು ರೂಪಾಯಿಯೂ ಏರಿಲ್ಲ. ದೊಡ್ಡದು ಮಾಡಿಸಲು ತರುವ ಹಳೇ ಫೋಟೋ ಮತ್ತು ನೆಗೆಟಿವ್‌ಗಳಿಗೆ ಮಾತ್ರ ಡಿಪಿಐ (ಎಷ್ಟು ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಬೇಕು ಅನ್ನುವ ಅಳತೆ) ನೋಡಿ ದರ. ಪಟ್ಟಿಯನ್ನು ಕೌಂಟರ್ ಪಕ್ಕದಲ್ಲೇ ಅಂಟಿಸಿದ್ದೇವೆ. ನಿಮ್ಮಲ್ಲಿ ಕೆಲವರಿಗೆ ಬೇಜಾರಾಗಿದೆ ಅಂತ ಗೊತ್ತು, ಅದಕ್ಕೆ ಕ್ಷಮೆ ಕೇಳುತ್ತೇವೆ. ಆದರೆ ಇವರೂ ದುಡ್ಡು ಕೀಳೋಕೆ ಶುರು ಮಾಡಿದರು ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಸುಮ್ನೆ ಇರೋಕೆ ಮನಸ್ಸಾಗಲಿಲ್ಲ.

ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಅದೇ ಫೋಟೋ, ಅದೇ ಮಶೀನು, ಒತ್ತೋದು ಒಂದೇ ಬಟನ್. 300 ಹಾಕಿದರೇನು, 1200 ಹಾಕಿದರೇನು, ನಿಮಗೇನು ಖರ್ಚು?"

ಖರ್ಚಿದೆ. ಡಿಪಿಐ ಅಂದರೆ ಒಂದು ಇಂಚಿನಲ್ಲಿ ಸ್ಕ್ಯಾನರ್ ಎಷ್ಟು ಚುಕ್ಕಿ ಓದುತ್ತದೆ ಅನ್ನುವ ಲೆಕ್ಕ. ಅದು ಉದ್ದಕ್ಕೂ ಹೌದು, ಅಗಲಕ್ಕೂ ಹೌದು. ಹಾಗಾಗಿ ಡಿಪಿಐ ಎರಡು ಪಟ್ಟಾದರೆ ಚುಕ್ಕಿಗಳು ನಾಲ್ಕು ಪಟ್ಟಾಗುತ್ತವೆ. ಒಂದು ಎ4 ಹಾಳೆಯನ್ನು ಬಣ್ಣದಲ್ಲಿ 300 ಡಿಪಿಐಗೆ ಸ್ಕ್ಯಾನ್ ಮಾಡಿ ಏನೂ ಕುಗ್ಗಿಸದೆ ಇಟ್ಟರೆ ಸುಮಾರು 26 ಎಂಬಿ. 600ಕ್ಕೆ ಅದೇ ಹಾಳೆ 104 ಎಂಬಿ ದಾಟುತ್ತದೆ. 1200ಕ್ಕೆ 400 ಎಂಬಿಗಿಂತ ಜಾಸ್ತಿ. ಗಾಜಿನ ಕೆಳಗಿನ ದೀಪ ಅಷ್ಟೇ ನಿಧಾನವಾಗಿ ಸರಿಯುತ್ತದೆ, ಅಷ್ಟು ಹೊತ್ತು ಕಂಪ್ಯೂಟರ್ ಬೇರೆ ಕೆಲಸಕ್ಕೆ ಸಿಗುವುದಿಲ್ಲ, ಹಿಂದೆ ನಿಂತವರು ಕಾಯುತ್ತಾರೆ. ಅದಕ್ಕಿಂತ ದೊಡ್ಡ ಕೆಲಸ ಧೂಳಿನದು. 300ರಲ್ಲಿ ಕಣ್ಣಿಗೇ ಬೀಳದ ಕಣ 1200ರಲ್ಲಿ ಮುಖದ ಮೇಲೆ ಮಚ್ಚೆ ತರಹ ಎದ್ದು ಕಾಣುತ್ತದೆ. ಗಾಜು ಒರೆಸಬೇಕು, ಫೋಟೋ ಮೇಲಿನ ಧೂಳು ಊದಬೇಕು, ಮತ್ತೆ ಸ್ಕ್ಯಾನ್ ಮಾಡಬೇಕು, ಆಮೇಲೂ ಉಳಿದ ಧೂಳಿನ ಕಲೆಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ತೆಗೆಯಬೇಕು. ಮಳೆಗಾಲ ಕಳೆದು ಬರುವ ಬೂಷ್ಟು ಹಿಡಿದ ಆಲ್ಬಮ್‌ಗಳಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತಂದವರಿಗೇ ಗೊತ್ತು. ಬಟನ್ ಒತ್ತುವುದಕ್ಕೆ ನಾವು ದುಡ್ಡು ಕೇಳುತ್ತಿಲ್ಲ, ಈ ಕೆಲಸಕ್ಕೆ ಕೇಳುತ್ತಿದ್ದೇವೆ.

"600 ಅಂದಿರಿ, ಮೊಬೈಲಲ್ಲಿ ನೋಡಿದರೆ ಮೊದಲಿನ ಹಾಗೇ ಇದೆ" ಅಂತಲೂ ಹೇಳುತ್ತಾರೆ. ಹಾಗೇ ಕಾಣುತ್ತದೆ, ಅದರಲ್ಲಿ ಮೋಸ ಇಲ್ಲ. 4 ಇಂಚು ಅಗಲ 6 ಇಂಚು ಉದ್ದದ ಫೋಟೋವನ್ನು 300ಕ್ಕೆ ಸ್ಕ್ಯಾನ್ ಮಾಡಿದರೆ 1200 x 1800 ಪಿಕ್ಸೆಲ್, ಅಂದರೆ ಚುಕ್ಕಿ, ಬರುತ್ತದೆ. ಎಷ್ಟೋ ಮೊಬೈಲುಗಳ ಪರದೆಯ ಅಗಲವೇ 1080 ಪಿಕ್ಸೆಲ್. ಪರದೆಗೆ 300 ಸಾಕು, ಬೇಕಾದರೆ ಇನ್ನೂ ಕಡಿಮೆಯೂ ಸಾಕು. ವ್ಯತ್ಯಾಸ ಗೊತ್ತಾಗುವುದು ಫ್ರೇಮ್ ಹಾಕಿಸಲು ಪ್ರಿಂಟ್ ತೆಗೆದಾಗ. ಉದ್ದ, ಅಗಲ ಎಷ್ಟು ಪಟ್ಟು ದೊಡ್ಡದು ಬೇಕೋ ಅದನ್ನು 300ರಿಂದ ಗುಣಿಸಿ, ಬಂದದ್ದು ನಿಮಗೆ ಬೇಕಾದ ಡಿಪಿಐ. ಎರಡು ಪಟ್ಟಿಗೆ 600, ನಾಲ್ಕು ಪಟ್ಟಿಗೆ 1200. ಅದಕ್ಕೇ ಫೋಟೋ ಕೊಟ್ಟ ತಕ್ಷಣ "ಯಾವುದಕ್ಕೆ ಬೇಕು?" ಅಂತ ಕೇಳುತ್ತೇವೆ. ಬ್ಯಾಂಕ್ ಪರೀಕ್ಷೆಯ ಅರ್ಜಿಗೆ ಫೋಟೋ 20ರಿಂದ 50 ಕೆಬಿ ಒಳಗೇ ಇರಬೇಕು ಅಂತ ಇರುತ್ತದೆ. ಅಂಥದ್ದಕ್ಕೆ 1200 ಹಾಕಿ ದುಡ್ಡು ತಗೊಂಡರೆ ಅದು ಅನ್ಯಾಯ, ಅಲ್ವಾ?

ಹಾಗೆಯೇ, ಕಾಗದದ ಮೇಲಿನ ಫೋಟೋಗೆ 1200ಕ್ಕಿಂತ ಜಾಸ್ತಿ ನಾವು ಹಾಕುವುದಿಲ್ಲ, ನೀವು ದುಡ್ಡು ಕೊಡುತ್ತೇವೆ ಅಂದರೂ ಹಾಕುವುದಿಲ್ಲ. ಅಷ್ಟು ವಿವರ ಆ ಪ್ರಿಂಟಿನಲ್ಲೇ ಇರುವುದಿಲ್ಲ, ಕಾಗದದ ತರಿ ದೊಡ್ಡದಾಗುತ್ತದೆ ಅಷ್ಟೇ. ಕೆಲವು ಸ್ಕ್ಯಾನರ್ ಡಬ್ಬಗಳ ಮೇಲೆ 19200 ಅಂತೆಲ್ಲ ಬರೆದಿರುತ್ತದೆ. ಅದು ಲೆನ್ಸು ನಿಜವಾಗಿ ನೋಡಿದ್ದಲ್ಲ, ಎರಡು ಚುಕ್ಕಿಗಳ ನಡುವೆ ಸಾಫ್ಟ್‌ವೇರ್ ಅಂದಾಜು ಮಾಡಿ ತುಂಬಿದ್ದು. ನೋಡಬೇಕಾದ್ದು ಆಪ್ಟಿಕಲ್ ರೆಸಲ್ಯೂಶನ್, ಅಂದರೆ ಸ್ಕ್ಯಾನರ್ ನಿಜವಾಗಿ ಓದುವ ಡಿಪಿಐ. ನಮ್ಮ ದರಪಟ್ಟಿಯಲ್ಲಿ ಇರುವುದೆಲ್ಲ ಆಪ್ಟಿಕಲ್ ಲೆಕ್ಕವೇ.

ನೆಗೆಟಿವ್ ವಿಷಯ ಬೇರೆ. 35 ಎಂಎಂ ನೆಗೆಟಿವಿನ ಚಿತ್ರ ಬರೀ 24 x 36 ಮಿಲಿಮೀಟರ್. 300ಕ್ಕೆ ಸ್ಕ್ಯಾನ್ ಮಾಡಿದರೆ ಅಂಚೆ ಚೀಟಿಯಷ್ಟು ಬರುತ್ತದೆ, ಅದಕ್ಕೇ 2400 ಬೇಕು, ಅದಕ್ಕೇ ದರವೂ ಜಾಸ್ತಿ. ಆದರೆ ಪ್ರಿಂಟಿಗಿಂತ ಜಾಸ್ತಿ ವಿವರ ಉಳಿದಿರುವುದು ಅದರಲ್ಲೇ. ದಯವಿಟ್ಟು ಹಳೇ ನೆಗೆಟಿವ್ ಎಸೆಯಬೇಡಿ.

ಬಣ್ಣ ಮಾಸಿದ ಫೋಟೋಗಳನ್ನು 48 ಬಿಟ್‌ನಲ್ಲಿ (ಬಣ್ಣದ ಛಾಯೆಗಳನ್ನು ಮಾಮೂಲಿಗಿಂತ ಸೂಕ್ಷ್ಮವಾಗಿ ಹಿಡಿಯುವ ವಿಧಾನ) ಸ್ಕ್ಯಾನ್ ಮಾಡುತ್ತೇವೆ, ಆಮೇಲೆ ಬಣ್ಣ ಸರಿ ಮಾಡುವಾಗ ಚಿತ್ರ ಒಡೆಯುವುದಿಲ್ಲ. ಅದಕ್ಕೆ ಬೇರೆ ದರ ಇಲ್ಲ.

ದೊಡ್ಡ ಸ್ಕ್ಯಾನ್‌ಗಳನ್ನು ಟಿಫ್ ಮತ್ತು ಜೆಪೆಗ್ ಎಂಬ ಎರಡೂ ಬಗೆಯ ಫೈಲುಗಳಲ್ಲಿ ಕೊಡುತ್ತೇವೆ. ಜೆಪೆಗ್ ಚಿಕ್ಕದು, ಕಳಿಸಲು ಸುಲಭ, ಆದರೆ ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದಷ್ಟೂ ಕೆಡುತ್ತದೆ. ಟಿಫ್ ಕೆಡುವುದಿಲ್ಲ, ಅದನ್ನು ಹಾಗೇ ಜೋಪಾನವಾಗಿಡಿ. ದಯವಿಟ್ಟು ಪೆನ್‌ಡ್ರೈವ್ ತನ್ನಿ. ವಾಟ್ಸಾಪಿನಲ್ಲೇ ಬೇಕು ಅಂದರೆ ಡಾಕ್ಯುಮೆಂಟ್ ಆಗಿ ಕಳಿಸುತ್ತೇವೆ, ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಮಾಡಿದ ಕೆಲಸವೆಲ್ಲ ವ್ಯರ್ಥ.

ಇನ್ನೊಂದು ಮಾತು. ಫ್ರೇಮಿನ ಗಾಜಿಗೆ ಫೋಟೋ ಅಂಟಿಕೊಂಡಿದ್ದರೆ ಮನೆಯಲ್ಲಿ ಕೀಳಲು ಹೋಗಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ತನ್ನಿ. ನಮ್ಮದು ಸಿಸಿಡಿ ಸ್ಕ್ಯಾನರ್ (ಒಳಗೆ ಲೆನ್ಸು, ಕನ್ನಡಿ ಇರುವ ಬಗೆ), ಫೋಟೋ ಸ್ಕ್ಯಾನರಿನ ಗಾಜಿಗೆ ತಾಗದೆ ಸ್ವಲ್ಪ ಮೇಲಿದ್ದರೂ ಓದುತ್ತದೆ. ಸಿಐಎಸ್ ಎಂಬ ಇನ್ನೊಂದು ಬಗೆಯ ತೆಳ್ಳಗಿನ ಮಶೀನುಗಳಲ್ಲಿ ಅದೇ ಫೋಟೋ ಮಸುಕಾಗುತ್ತದೆ. ಬೆಲೆ ಜಾಸ್ತಿ ಆದರೂ ನಾವು ಇದನ್ನೇ ಇಟ್ಟುಕೊಂಡಿರುವುದು ಇಂಥ ಫೋಟೋಗಳಿಗಾಗಿಯೇ.

ಯಾವುದು ಬೇಕು ಅಂತ ಗೊತ್ತಾಗದಿದ್ದರೆ ಫೋಟೋ ತಂದು ತೋರಿಸಿ. ಕಡಿಮೆಯಲ್ಲಿ ಆಗುವ ಕೆಲಸಕ್ಕೆ ಜಾಸ್ತಿ ಹೇಳುವುದಿಲ್ಲ, ನಮ್ಮ ಮೇಲೆ ಆ ನಂಬಿಕೆ ಇರಲಿ. ಈ ತಿಂಗಳು ಮುಗಿಯುವುದರೊಳಗೆ ಕೊಟ್ಟ ಫೋಟೋಗಳಿಗೆ, ಕೆಲಸ ಮುಂದಿನ ತಿಂಗಳು ಮುಗಿದರೂ, ಹಳೇ ದರವೇ ತೆಗೆದುಕೊಳ್ಳುತ್ತೇವೆ.