ಮೊದಲ ಪರೀಕ್ಷೆ ಗಂಡಸಿಗೂ ಆಗಲಿ

ಮಾನ್ಯ ಸಂಪಾದಕರೇ,

ಗಂಡಸರ ಬಂಜೆತನಕ್ಕೆ ಕಾರಣ ಹುಡುಕಲು ವಿಜ್ಞಾನಿಗಳು ಇಲಿಗಳ ಜೀನ್, ಅಂದರೆ ವಂಶವಾಹಿ, ಕೆಡಿಸಿ ನೋಡುತ್ತಾರೆ ಎಂಬ ಮಾತು ಮೊನ್ನೆ ನಮ್ಮೂರ ಟೀ ಅಂಗಡಿಯಲ್ಲಿ ಬಂತು. ‘ಇಲಿಗೆ ಮರಿ ಆದ್ರೆಷ್ಟು ಬಿಟ್ಟರೆಷ್ಟು, ಸುಮ್ನೆ ದುಡ್ಡು ದಂಡ’ ಎಂದು ಒಬ್ಬರು ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಶಿಡ್ಲಘಟ್ಟದ ಕಡೆಯವನು. ರೇಷ್ಮೆ ಮೊಟ್ಟೆ ತಯಾರಿಸುವ ಕಡೆ ಕೆಲಸ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು, ಒಂದು ಹನಿ ಗಾಜಿನ ಮೇಲೆ ಹಾಕಿ, ಗಂಟು ರೋಗದ ಕಣ ಇದೆಯಾ ಎಂದು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಕಂಡರೆ ಆ ಮೊಟ್ಟೆ ಸುಡಬೇಕು. ಗಂಡು ಚಿಟ್ಟೆಯನ್ನು ನೋಡುವುದಿಲ್ಲ, ಯಾಕೆಂದರೆ ಆ ರೋಗ ಮೊಟ್ಟೆಗೆ ಇಳಿಯುವುದು ತಾಯಿಯಿಂದ.

ಮನೆಯಲ್ಲೂ ನಾನು ಇದೇ ಲೆಕ್ಕ ಹಿಡಿದೆ. ಮದುವೆಯಾಗಿ ಆರು ವರ್ಷ ಮಕ್ಕಳಾಗಲಿಲ್ಲ. ಸ್ಕ್ಯಾನು, ರಕ್ತ ಪರೀಕ್ಷೆ, ಇಂಜೆಕ್ಷನ್ನು ಎಲ್ಲ ನನ್ನ ಹೆಂಡತಿಗೇ. ಒಂದು ಮಂಡಲ, 48 ದಿನ, ಬೆಳಗಿನ ಜಾವ ಒದ್ದೆ ಸೀರೆಯಲ್ಲಿ ಅರಳಿಕಟ್ಟೆಯ ನಾಗರಕಲ್ಲು ಸುತ್ತಿದಳು. ಮಾಗಿ ಚಳಿ. ಸೆರಗಿನಿಂದ ಇಳಿದ ನೀರು ಕಟ್ಟೆ ಸುತ್ತ ಗೆರೆ ಎಳೆದಂತೆ ಬೀಳುತ್ತಿತ್ತು. ನಾನು ಸ್ವೆಟರ್ ಹಾಕಿಕೊಂಡು ಬೈಕ್ ಹತ್ತಿರ ನಿಂತಿರುತ್ತಿದ್ದೆ. ತೋರಿಸುತ್ತಿದ್ದ ಆಸ್ಪತ್ರೆಯಲ್ಲೂ ‘ನೀವೂ ಪರೀಕ್ಷೆ ಮಾಡಿಸಿಕೊಳ್ಳಿ’ ಎಂದು ಯಾರೂ ಹೇಳಲಿಲ್ಲ. ಕೊನೆಗೆ ಬೇರೊಬ್ಬ ಡಾಕ್ಟರಮ್ಮ ನನಗೆ ವೀರ್ಯ ಪರೀಕ್ಷೆ ಬರೆದುಕೊಟ್ಟರು. ವೀರ್ಯಾಣುಗಳ ಎಣಿಕೆ ಸರಿಯಿತ್ತು, ಚಲನೆ ತೀರಾ ಕಮ್ಮಿ. ಕಾರಣ ಜೀನ್‌ನಲ್ಲೂ ಇರಬಹುದು ಎಂದರು. ನನ್ನ ಬಾಯಿಂದ ಬಂದ ಮೊದಲ ಮಾತು, ‘ಮೇಡಂ, ಹಾಗಾದರೆ ನಾನು ಗಂಡಸಲ್ವಾ?’

ಅವರು ಹೇಳಿದ್ದು ಇಲಿಗಳ ವಿಷಯ. ಆಮೇಲೆ ನಾನೂ ಹುಡುಕಿ ಓದಿದೆ. ಒಂದೇ ಒಂದು ಜೀನ್ ಕೆಲಸ ಮಾಡದಂತೆ ಮಾಡಿ ಬೆಳೆಸಿದ ಇಲಿಗೆ ನಾಕೌಟ್ ಇಲಿ ಅನ್ನುತ್ತಾರೆ. ಈ ದಾರಿ ತೋರಿಸಿದ ಮೂವರಿಗೆ 2007ರಲ್ಲಿ ನೊಬೆಲ್ ಬಂತು. ಅಂಥ ಗಂಡನ್ನು ಒಳ್ಳೆಯ ಹೆಣ್ಣಿಲಿಗಳ ಜೊತೆ ಬಿಟ್ಟು ಮರಿ ಆಗುತ್ತದೋ ಇಲ್ಲವೋ ನೋಡುತ್ತಾರೆ. ಇಲಿಯ ಬಸಿರು ಸುಮಾರು 20 ದಿನ, ಹಾಗಾಗಿ ಉತ್ತರ ಬೇಗ ಸಿಗುತ್ತದೆ. 2001ರಲ್ಲಿ ಕ್ಯಾಟ್‌ಸ್ಪರ್ ಎಂಬ ಜೀನ್‌ನ ಕೆಲಸ ಹೀಗೇ ಗೊತ್ತಾಯಿತು. ವೀರ್ಯಾಣುವಿನ ಬಾಲಕ್ಕೆ ಕ್ಯಾಲ್ಸಿಯಂ ಒಳಬಿಡುವ ಬಾಗಿಲು ಅದು. ಅದಿಲ್ಲದಿದ್ದರೆ ಬಾಲಕ್ಕೆ ಜೋರು ಬರುವುದಿಲ್ಲ, ಅಂಡದ ಹೊದಿಕೆ ದಾಟಲಾಗುವುದಿಲ್ಲ. 2005ರಲ್ಲಿ ಜಪಾನಿನ ಒಸಾಕಾದವರು ಇನ್ನೊಂದನ್ನು ಕಂಡರು. ಅದು ಇಲ್ಲದ ವೀರ್ಯಾಣು ಚೆನ್ನಾಗಿಯೇ ಈಜುತ್ತದೆ, ಹೊದಿಕೆಯನ್ನೂ ದಾಟುತ್ತದೆ, ಆದರೆ ಅಂಡದ ಜೊತೆ ಬೆರೆಯುವುದಿಲ್ಲ. ಅದಕ್ಕೆ ಅವರಿಟ್ಟ ಹೆಸರು ಇಜುಮೊ. ಅಲ್ಲಿನ ಜನ ಮದುವೆಗಾಗಿ ಹರಕೆ ಹೊರುವ ದೇಗುಲದ ಹೆಸರಂತೆ. ಓದಿದಾಗ ನನಗೆ ನಮ್ಮ ನಾಗರಕಲ್ಲೇ ಕಣ್ಣಮುಂದೆ ಬಂತು.

ಆ ಗಂಡಿಲಿಗಳು ಗಟ್ಟಿಮುಟ್ಟಾಗಿದ್ದವು. ಹೆಣ್ಣಿನ ಜೊತೆ ಕೂಡುತ್ತಿದ್ದವು. ಮರಿ ಮಾತ್ರ ಆಗಲಿಲ್ಲ. ಗಂಡಸುತನ ಬೇರೆ, ಮಕ್ಕಳಾಗುವುದು ಬೇರೆ ಎಂದು ನನಗೆ ಒಪ್ಪಿಸಿದ್ದು ಇದೇ. ಹೆಣ್ಣಿಲಿಯಲ್ಲಿ ಯಾವ ಕೊರತೆಯೂ ಇರಲಿಲ್ಲ ಅನ್ನುವುದನ್ನೂ ಓದುಗರು ಗಮನಿಸಬೇಕು.

ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಿಗೆ ಹೊಂದುವುದಿಲ್ಲ, ನಿಜ. ಎಲ್ಲ ಜೀನೂ ಮುಖ್ಯವಲ್ಲ. ವೃಷಣದಲ್ಲೇ ಜಾಸ್ತಿ ಕೆಲಸ ಮಾಡುವ 54 ಜೀನ್‌ಗಳನ್ನು ಒಂದೊಂದಾಗಿ ತೆಗೆದರೂ ಇಲಿಗಳಿಗೆ ಮರಿ ಆಯಿತು ಎಂದು 2016ರಲ್ಲಿ ವರದಿಯಾಗಿದೆ. ಅದು ದಂಡ ಅಂತ ನನಗೆ ಅನ್ನಿಸುವುದಿಲ್ಲ. ಎಲ್ಲಿ ಹುಡುಕಬಾರದು ಅಂತ ಗೊತ್ತಾಯಿತಲ್ಲ.

ನಮ್ಮ ಜಿಲ್ಲೆಯ ಡಾಕ್ಟರುಗಳಲ್ಲಿ ಒಂದು ಕೋರಿಕೆ. ಮಕ್ಕಳಾಗಲಿಲ್ಲ ಎಂದು ಹೆಣ್ಣುಮಗಳೊಬ್ಬಳು ಬಂದರೆ ಮೊದಲ ದಿನವೇ ಗಂಡನನ್ನೂ ಕರೆಸಿ. ಚೀಟಿಯಲ್ಲಿ ಎರಡು ಹೆಸರು ಬರೆಯಿರಿ. ವೀರ್ಯ ಪರೀಕ್ಷೆಗೆ ಸೂಜಿ ಬೇಕಿಲ್ಲ, ಉಪವಾಸ ಬೇಕಿಲ್ಲ. ಕೆಲವು ದಿನ ಸಂಯಮದಿಂದಿದ್ದು ಒಂದು ಡಬ್ಬಿ ಕೊಟ್ಟರೆ ಸಾಕು. ಅಷ್ಟು ಮಾಡಲು ನಾನು ಆರು ವರ್ಷ ತಗೊಂಡೆ.

ಹೆಸರು ಪ್ರಕಟಿಸಬೇಡಿ. ಹೆಂಡತಿಯನ್ನು ಕೇಳಿಯೇ ಬರೆದಿದ್ದೇನೆ. ಸ್ವೆಟರಿನ ಮಾತು ಬಿಡಬೇಡ ಎಂದಳು.

– ಒಬ್ಬ ಓದುಗ, ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ