ಮಗಳಿಗೊಂದು ಪತ್ರ: ಕೈ ಕಟ್ಟಿದ ಕಾಲದಲ್ಲಿ ಊರಿನ ಗುರಿ

ಬಳ್ಳಾರಿ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ರಾತ್ರಿಯೆಲ್ಲ ತಲೆ ಕೊರೆಯಿತು. ನೀನು ಕೆಲಸಕ್ಕೆ ಸೇರಿದ ಊರಿನ ಮುಂದಿನ ಇಪ್ಪತ್ತು ವರ್ಷದ ಗುರಿ ಬರೆಯುವ ಹೊಣೆ ನಿನ್ನ ಮೇಲೆ ಬಿದ್ದಿದೆ. ಅಷ್ಟರಲ್ಲಿ ವ್ಯಾಪಾರ ಕುಸಿದಿದೆ, ತೆರಿಗೆ ಬರುತ್ತಿಲ್ಲ, ಅನುದಾನ ತಡವಾಗಿದೆ. "ಸಂಬಳಕ್ಕೇ ದುಡ್ಡಿಲ್ಲ, ಇಪ್ಪತ್ತು ವರ್ಷದ ಮಾತು ಈಗ್ಯಾಕೆ, ಕಾಲ ಸುಧಾರಿಸಲಿ" ಅಂತ ಸಭೆಯಲ್ಲಿ ಹಿರಿಯರು ಅಂದರಂತೆ. ನೀನೂ ಅರ್ಧ ಒಪ್ಪಿದ ಹಾಗೆ ಕೇಳಿಸಿತು. ಒಪ್ಪಬೇಡ ನನ್ನವ್ವ.

ಕಾಲ ಸುಧಾರಿಸಿದಾಗ ಗುರಿ ಬರೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ನೀನಾಗ ಚಿಕ್ಕವಳು. 2008ರ ಒಲಿಂಪಿಕ್ಸಿಗೆ ಚೀನಾ ಸಜ್ಜಾಗುತ್ತಿದ್ದ ಆ ವರ್ಷಗಳಲ್ಲಿ ಸಂಡೂರಿನ ಕಬ್ಬಿಣದ ಅದಿರಿಗೆ ಚಿನ್ನದ ಬೆಲೆ. ಹೊಸಪೇಟೆ ರಸ್ತೆಯಲ್ಲಿ ಹಗಲೂ ರಾತ್ರಿ ಲಾರಿ ಸಾಲು, ರಸ್ತೆ ಬದಿಯ ಬೇವಿನ ಮರದ ಎಲೆಯೂ ಕೆಂಪು. ಹೊಲ ಮಾರಿ ಲಾರಿ ಕೊಂಡವರಿದ್ದರು, ಸಾಲ ಮಾಡಿ ಮಹಡಿ ಮೇಲೆ ಮಹಡಿ ಏರಿಸಿ ಬಾಡಿಗೆಗೆ ಕೊಟ್ಟವರಿದ್ದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಗುಡ್ಡ ಬಗೆದ ರೀತಿ ನೋಡಿದವರಿಗೆ ಅದು ನ್ಯಾಯವೇ ಅನ್ನಿಸಿತು, ನನಗೂ. ಆದರೆ ಪಂಕ್ಚರ್ ಅಂಗಡಿ, ಗ್ಯಾರೇಜು, ಖಾನಾವಳಿಗಳವರು ಯಾವ ಗುಡ್ಡವನ್ನೂ ಬಗೆದವರಲ್ಲ. ಬಾಗಿಲು ಹಾಕಿದ್ದು ಅವರು.

ಆಗ ನಾನು ಪಾಲಿಕೆಯ ಲೆಕ್ಕ ಶಾಖೆಯಲ್ಲಿದ್ದೆ. ಒಂದು ದಿನ ಹೆಣ್ಣುಮಗಳೊಬ್ಬಳು ಮನೆ ಕಂದಾಯದ ಚಲನ್ ಹಿಡಿದು ಕೌಂಟರಿಗೆ ಬಂದಳು. ಗಂಡನ ಲಾರಿಯನ್ನು ಫೈನಾನ್ಸಿನವರು ಎಳೆದುಕೊಂಡು ಹೋಗಿದ್ದರು. ಸೆರಗಿನ ಗಂಟು ಬಿಚ್ಚಿ, ಮಡಚಿ ಮಡಚಿ ಮೆತ್ತಗಾದ ನೂರರ ನೋಟುಗಳನ್ನು ಒಂದೊಂದೇ ಬಿಡಿಸಿಟ್ಟು, "ಸದ್ಯ ಇಷ್ಟು ತಗೊಳ್ರಿ ಅಕ್ಕಾರೆ, ಉಳಿದದ್ದು ದೀಪಾವಳಿಗೆ ಕಟ್ತೀನಿ" ಅಂದಳು. ಅಷ್ಟಷ್ಟೇ ಕಟ್ಟಿಸಿಕೊಳ್ಳುವ ದಾರಿ ನಮ್ಮಲ್ಲಿರಲಿಲ್ಲ. ನೋಟುಗಳನ್ನು ಮತ್ತೆ ಮಡಚಿಕೊಂಡು ಹೋದಳು. ಬಾಕಿ ಕಾಲಂನಲ್ಲಿ ಅವಳ ಹೆಸರು ಉಳಿಯಿತು, ತಿಂಗಳಿಗೆ ಶೇ 2ರ ದಂಡ ಅದರ ಮೇಲೆ ಏರುತ್ತಾ ಹೋಯಿತು. ನಿನ್ನ ಗುರಿಗಳ ಪಟ್ಟಿಯಲ್ಲಿ "ಆಸ್ತಿ ತೆರಿಗೆ ವಸೂಲಿ ಹೆಚ್ಚಿಸುವುದು" ಅಂತ ಒಂದು ಸಾಲು ಇದ್ದೇ ಇರುತ್ತದೆ. ಅದರ ಕೆಳಗೆ ಇಂಥವಳು ಹೇಗೆ ಕಟ್ಟಬೇಕು ಅನ್ನುವುದನ್ನೂ ಬರೆ. ಏಪ್ರಿಲ್‌ನಲ್ಲಿ ಒಟ್ಟಿಗೆ ಕಟ್ಟಿ ಶೇ 5 ರಿಯಾಯಿತಿ ಪಡೆಯುವವರು ಕೈಯಲ್ಲಿ ಕಾಸಿದ್ದವರು. ಇಲ್ಲದವರಿಗೆ ಸಣ್ಣ ಕಂತು ಬೇಕು.

ಇನ್ನು ನಿನ್ನ ಕೆಲಸದ ಮಾತು. ಕಳೆದ ಐದು ವರ್ಷದ ಬೇಡಿಕೆ (ಊರಿಗೆ ಬರಬೇಕಾದ ಹಣ), ವಸೂಲಿ, ಬಾಕಿ ಪಟ್ಟಿಯನ್ನು ಮೊದಲು ಎದುರಿಗಿಟ್ಟುಕೋ. ಕುಸಿತ ಬಂದಾಗ ಮೊದಲು ಬೀಳುವುದು ಕಟ್ಟಡ ಪರವಾನಗಿ ಶುಲ್ಕ, ಆಮೇಲೆ ಮಳಿಗೆ ಬಾಡಿಗೆ. ಮನೆ ಕಂದಾಯ ನಿಧಾನಕ್ಕೆ ಇಳಿಯುತ್ತದೆ, ನಿಧಾನಕ್ಕೇ ಏರುತ್ತದೆ. ಖರ್ಚು ಮಾತ್ರ ಇಳಿಯುವುದಿಲ್ಲ. ಪಂಪ್‌ಹೌಸಿನ ಕರೆಂಟ್ ಬಿಲ್ಲು, ನೀರು ತಿಳಿಯಾಗಿಸುವ ಆಲಂ, ಬ್ಲೀಚಿಂಗ್ ಪೌಡರ್, ಪೌರಕಾರ್ಮಿಕರ ಕೂಲಿ ಎಲ್ಲ ಹಾಗೇ ಇರುತ್ತವೆ. ನೀರಿನ ಟ್ಯಾಂಕ್ ಕಟ್ಟಲು ಸರ್ಕಾರ ಅನುದಾನ ಕೊಡುತ್ತದೆ, ಆ ಟ್ಯಾಂಕಿಗೆ ನೀರೆತ್ತುವ ಕರೆಂಟಿನ ಖರ್ಚು ಊರಿನ ತಲೆಗೇ ಬರುತ್ತದೆ. ಆದ್ದರಿಂದ ಪ್ರತಿ ಗುರಿಯ ಪಕ್ಕದಲ್ಲೂ ಎರಡು ಮೊತ್ತ ಬರೆ: ಕಟ್ಟಲು ಎಷ್ಟು, ವರ್ಷವರ್ಷ ನಡೆಸಲು ಎಷ್ಟು. ಎರಡನೆಯದು ಊರಿನ ಸ್ವಂತ ಆದಾಯದಲ್ಲಿ ಹಿಡಿಸದಿದ್ದರೆ ಆ ಗುರಿಯನ್ನು ಹೊಡೆದುಹಾಕು, ಎಂಥ ದೊಡ್ಡವರು ಕೇಳಿದ್ದಾದರೂ ಸರಿ. 15ನೇ ಹಣಕಾಸು ಆಯೋಗ ಕೂಡ ಆಸ್ತಿ ತೆರಿಗೆ ರಾಜ್ಯದ ಒಟ್ಟು ಉತ್ಪನ್ನದ ಜೊತೆಜೊತೆಗೆ ಬೆಳೆಯಬೇಕು ಅಂತ ಅನುದಾನಕ್ಕೆ ಷರತ್ತು ಹಾಕಿತ್ತು.

ಎಲ್ಲಕ್ಕಿಂತ ಮೇಲೆ ನೀರನ್ನಿಡು. ತುಂಗಭದ್ರಾ ಕಾಲುವೆಯಿಂದ ಅಲ್ಲೀಪುರ, ಮೋಕಾ ಕೆರೆಗಳಿಗೆ ತುಂಬಿಸಿಕೊಂಡ ನೀರನ್ನೇ ನಮ್ಮ ಬಳ್ಳಾರಿ ಕುಡಿಯುತ್ತದೆ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105.788 ಟಿಎಂಸಿ ಅನ್ನುತ್ತಾರೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಇಲ್ಲಿ ಎಷ್ಟು ಮನೆಗಳಲ್ಲಿ ನಿದ್ದೆ ಬರಲಿಲ್ಲವೋ. ವಾರದೊಳಗೆ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿ ನೀರು ಉಳಿಸಿದ ಆ ಕೆಲಸಗಾರರನ್ನು ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. "ನೀರಿನ ಸುಸ್ಥಿರ ನಿರ್ವಹಣೆ" ಅಂತ ಬರೆದು ಕೈ ತೊಳೆದುಕೊಳ್ಳಬೇಡ. ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು, ಎಷ್ಟು ಹೊತ್ತು, ಯಾವ ವರ್ಷದೊಳಗೆ ಎಷ್ಟಕ್ಕೆ ಬರಬೇಕು ಅಂತ ಬರೆ. ಮನೆಯಲ್ಲಿ ಕೊಡ ತುಂಬಿಸುವವಳು ತಾನೇ ಲೆಕ್ಕ ಹಾಕಿ ಗುರಿ ಮುಟ್ಟಿತೋ ಇಲ್ಲವೋ ಹೇಳುವಂತಿರಲಿ.

ಉದ್ಯೋಗದ ವಿಷಯದಲ್ಲಿ ದೊಡ್ಡ ಭರವಸೆ ಬರೆಯಬೇಡ. ಅದಿರಿನ ಬೆಲೆ ಪಾಲಿಕೆಯ ಕೈಯಲ್ಲಿಲ್ಲ, ಜೀನ್ಸ್ ಪ್ಯಾಂಟಿನ ಬೆಲೆಯೂ ಇಲ್ಲ. ಆದರೆ ನಮ್ಮ ಜೀನ್ಸ್ ವಾಷಿಂಗ್ ಘಟಕಗಳ ಬಣ್ಣದ ನೀರು ಎಲ್ಲಿಗೆ ಹೋಗಬೇಕು, ಅದನ್ನು ಶುದ್ಧ ಮಾಡುವ ಸಾಮೂಹಿಕ ಘಟಕಕ್ಕೆ ಜಾಗ ಎಲ್ಲಿ ಅನ್ನುವುದನ್ನು ಊರು ಮೊದಲೇ ಗೊತ್ತುಮಾಡಿಡಬಹುದು. ಅದೊಂದು ಇದ್ದರೆ ಹೊಲಿಯುವ ಎಷ್ಟೋ ಹೆಣ್ಣುಮಕ್ಕಳ ಕೆಲಸ ಉಳಿಯುತ್ತದೆ.

ದುಡ್ಡು ಮತ್ತೆ ಬಂದೇ ಬರುತ್ತದೆ, ಅದೂ ಒಮ್ಮೆಗೇ. ಗಣಿ ಕಾನೂನಿಗೆ 2015ರ ತಿದ್ದುಪಡಿಯಾದ ಮೇಲೆ ಗಣಿ ಜಿಲ್ಲೆಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಬಂತು. ಗಣಿಯಿಂದ ಹಾಳಾದ ಕಡೆಯ ಪುನಶ್ಚೇತನಕ್ಕೆ ಅಂತಲೇ ಕೆಎಂಇಆರ್‌ಸಿ ಅನ್ನುವ ಸರ್ಕಾರಿ ನಿಗಮವೂ ಬಂತು. ಆಗ ಕೈಯಲ್ಲಿ ಸಿದ್ಧ ಯೋಜನೆ ಇಲ್ಲದ ಊರು ಆತುರದಲ್ಲಿ ಕ್ರಿಯಾ ಯೋಜನೆ ಬರೆದು ಡಿವೈಡರು, ಕಮಾನು, ಬೀದಿ ದೀಪಕ್ಕೆ ಸುರಿಯುತ್ತದೆ. ಈಗ ಟೆಂಡರುಗಳ ಗಡಿಬಿಡಿ ಇಲ್ಲ, ಕೂತು ಅಳೆದು ನೋಡಲು ಹೊತ್ತಿದೆ. ಚರಂಡಿಗಳ ನಕ್ಷೆ ಮಾಡಿಸು, ಪೈಪು ಎಲ್ಲೆಲ್ಲಿ ಸೋರುತ್ತದೆ ಅಂತ ವಾಲ್ವ್‌ಮನ್‌ಗಳನ್ನು ಕೇಳಿ ಬರೆದುಕೋ. ಅವರಿಗೆ ಗೊತ್ತಿರುವಷ್ಟು ಕನ್ಸಲ್ಟೆಂಟರಿಗೆ ಗೊತ್ತಿರುವುದಿಲ್ಲ.

ಇನ್ನೊಂದು ಮಾತು. ಖರ್ಚು ಕಡಿತದ ಪಟ್ಟಿ ಬಂದಾಗ ಪೌರಕಾರ್ಮಿಕರ ಕೂಲಿಗೂ ಮಳೆಗಾಲದ ಮುಂಚಿನ ಚರಂಡಿ ಹೂಳೆತ್ತುವ ಕೆಲಸಕ್ಕೂ ಕೈ ಹಾಕಲು ಬಿಡಬೇಡ. ಸಭೆಯಲ್ಲಿ ನೀನೊಬ್ಬಳೇ ಬೇಡ ಅನ್ನಬೇಕಾಗಿ ಬಂದರೂ ಅನ್ನು, ನಿನ್ನ ಮಾತನ್ನು ನಡಾವಳಿಯಲ್ಲಿ ಬರೆಸು.

ಯುಗಾದಿಗೆ ಬರುವಾಗ ಆ ಐದು ವರ್ಷದ ಪಟ್ಟಿಯ ಪ್ರತಿ ತಗೊಂಡು ಬಾ, ಇಬ್ಬರೂ ಕೂತು ಒಂದೊಂದೇ ಬಾಬತ್ತು ನೋಡೋಣ. ಅಪ್ಪನ ಮಂಡಿ ನೋವು ಈಗ ಪರವಾಗಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇತಿ,
ನಿನ್ನ ಅಮ್ಮ