ಸಿಕಲ್ ಸೆಲ್ ಮಕ್ಕಳ ಜಿಂಕ್ ಕೂಡ ನೋಡಿ

ಮಾನ್ಯರೇ,

ನಮ್ಮ ಶಾಲೆಯ ಹತ್ತು ವರ್ಷದ ಹುಡುಗನೊಬ್ಬನಿಗೆ ಸಿಕಲ್ ಸೆಲ್ ಕಾಯಿಲೆ, ಅಂದರೆ ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ, ಹುಟ್ಟಿನಿಂದಲೇ ಬರುವ ಕಾಯಿಲೆ. ಅದಕ್ಕೆ ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಶುರುವಾದ ಮೇಲೆ ಕೈಕಾಲು ನೋವು ಎಷ್ಟೋ ಕಡಿಮೆಯಾಗಿದೆ. ಆದರೆ ಎರಡು ವರ್ಷ ಚಿಕ್ಕ ತಂಗಿಯ ಎತ್ತರಕ್ಕೂ ಅವನು ಬಂದಿಲ್ಲ. ಮೊನ್ನೆ ಕಾಫಿ ಗಿಡದ ಕಡ್ಡಿ ಗೀರಿದ ಗಾಯ ಮಾಯಲು ಒಂದು ತಿಂಗಳು ಬೇಕಾಯಿತು.

ಈ ಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ಬೇಗ ಒಡೆಯುತ್ತವೆ, ಮೂತ್ರದಲ್ಲಿ ಜಿಂಕ್ (ಸತು) ಜಾಸ್ತಿ ಹೋಗುತ್ತದೆ. ಜಿಂಕ್ ಕಡಿಮೆಯಾದರೆ ಮಕ್ಕಳು ಬೆಳೆಯುವುದು ನಿಧಾನ, ಸೋಂಕು ಬೇಗ ತಗಲುತ್ತದೆ. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಈ ಕೊರತೆ ಇರಬಹುದು. ಆದರೆ ಆಸ್ಪತ್ರೆಯಲ್ಲಿ ಪ್ರತಿ ಸಲವೂ ರಕ್ತಕಣ ಎಣಿಸಿ ಕಳಿಸುತ್ತಾರೆ, ಅಷ್ಟೇ.

ಕಬ್ಬಿಣದ ವಿಷಯ ಬೇರೆ. ರಕ್ತ ಕಡಿಮೆ ಅಂತ ಪರೀಕ್ಷೆ ಮಾಡದೆ ಸುಮ್ನೆ ಕಬ್ಬಿಣದ ಮಾತ್ರೆ ಕೊಡಬಾರದು. ಪದೇ ಪದೇ ರಕ್ತ ಹಾಕಿಸಿಕೊಂಡ ಮಕ್ಕಳ ಲಿವರ್, ಹೃದಯದಲ್ಲಿ ಕಬ್ಬಿಣ ಸೇರಿಕೊಳ್ಳುತ್ತದೆ. ಶಾಲೆಯಲ್ಲಿ ಮಾತ್ರೆ ಹಂಚುವ ನಮಗೂ ಇದು ಗೊತ್ತಿರಬೇಕು ಅಲ್ವಾ?

2023ರಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನ 2047ರೊಳಗೆ ಈ ಕಾಯಿಲೆ ತೊಲಗಿಸುವ ಗುರಿ ಇಟ್ಟಿದೆ. ಅದರ ಜೊತೆಗೇ, ಚಿಕ್ಕಮಗಳೂರಿನಲ್ಲಿ ಈ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಜಿಂಕ್ ಪರೀಕ್ಷೆ, ದೇಹದಲ್ಲಿ ಎಷ್ಟು ಕಬ್ಬಿಣ ಸಂಗ್ರಹವಾಗಿದೆ ಎಂದು ತಿಳಿಸುವ ಫೆರಿಟಿನ್ ಪರೀಕ್ಷೆ ಉಚಿತವಾಗಿ ಸಿಗಲಿ. ತೋಟದ ಕೂಲಿ ಬಿಟ್ಟು ದೂರದ ಊರಿಗೆ ಅಲೆಯುವ ಶಕ್ತಿ ಆ ತಾಯಂದಿರಿಗಿಲ್ಲ.

– ಒಬ್ಬ ಶಿಕ್ಷಕಿ, ಮೂಡಿಗೆರೆ ತಾಲ್ಲೂಕು